ಮೀನುಗೊಳಕ್ಕೆ ನೆಲ ನೋಡುವ ಬಗೆ

ನಮ್ಮ ಸಂಘದ ಸದಸ್ಯರಾದ ಮಿತ್ರರೊಬ್ಬರು ಗದಗ ಸೀಮೆಯಿಂದ ಬಂದು ವೆರ್ಣಾದ ಕೈಗಾರಿಕಾ ವಸಾಹತಿನಲ್ಲಿ ಬಹುಕಾಲ ದುಡಿದವರು. ಸೇವೆಯ ಕೊನೆಯ ವರ್ಷಗಳಲ್ಲಿ ಅವರು ಗುಡ್ಡದ ತಪ್ಪಲಿನಲ್ಲಿ ಎಂಟು ಗುಂಟೆಯ ಒಂದು ತುಂಡು ಭೂಮಿಯನ್ನು ಕೊಂಡರು. ಅದರಲ್ಲೊಂದು ಕೊಳವನ್ನು ತೋಡಿಸಿ, ಮೀನು ಬಿಟ್ಟು, ಸಂಜೆಯ ಹೊತ್ತು ಮೊಮ್ಮಕ್ಕಳೊಡನೆ ಗಾಳ ಹಿಡಿದು ಕುಳಿತಿರಬೇಕೆಂಬುದು ಅವರ ಬಹುದಿನದ ಆಸೆ. ಕಳೆದ ಬೇಸಗೆಯಲ್ಲಿ ಅವರು ನನ್ನನ್ನೂ ಶಾಲೆಯ ಹಿರಿಯ ವಿದ್ಯಾರ್ಥಿಗಳಲ್ಲಿ ನಾಲ್ವರನ್ನೂ ಆ ನೆಲವನ್ನು ನೋಡಲು ಕರೆದೊಯ್ದರು. ಅಲ್ಲಿ ನಿಂತು ಅವರಾಡಿದ ಮಾತು ಈ ಲೇಖನಕ್ಕೆ ಮೂಲವಾಯಿತು: “ಮಾಸ್ತರ್ರೇ, ನಮ್ಮೂರಾಗ ನೀರು ಸಿಗೋದು ಕಷ್ಟ, ಇಲ್ಲಿ ನೀರು ನಿಲ್ಲಸೋದು ಕಷ್ಟ ಅದ ನೋಡ್ರಿ.”

ಆ ಮಾತು ನಿಜ. ಗೋವೆಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರು ಮಳೆ ಬೀಳುತ್ತದೆ. ಗದಗಿನ ಕಡೆ ಬೀಳುವುದು ಅದರ ಐದರಲ್ಲೊಂದು ಪಾಲು. ಆದರೂ ಗದಗಿನ ಕರಿಯ ಎರೆಯ ನೆಲದಲ್ಲಿ ತೋಡಿದ ಹೊಂಡ ನೀರನ್ನು ತಿಂಗಳುಗಟ್ಟಲೆ ಹಿಡಿದಿಟ್ಟರೆ, ಇಲ್ಲಿಯ ಜಂಬಿಟ್ಟಿಗೆಯ ನೆಲ ಆಷಾಢದಲ್ಲಿ ಕುಡಿದುದನ್ನು ಮಾಘಕ್ಕೆ ಮೊದಲೇ ಕಳೆದುಕೊಳ್ಳುತ್ತದೆ. ಆದುದರಿಂದ ಕೊಳ ತೋಡುವವನು ಮೊದಲು ಕೇಳಬೇಕಾದ ಪ್ರಶ್ನೆ “ನೀರು ಬರುವುದೇ?” ಎಂಬುದಷ್ಟೇ ಅಲ್ಲ, “ಬಂದ ನೀರು ನಿಲ್ಲುವುದೇ? ನಿಂತ ನೀರು ನೆರೆಯವನಿಗೆ ಕೇಡು ತಾರದೆ?” ಎಂಬುದೂ ಹೌದು. ಈ ಪ್ರಶ್ನೆಗಳು ಹೊಸವಲ್ಲ. ನಮ್ಮ ನಾಡಿನಲ್ಲಿ ಅವನ್ನು ಸಾವಿರ ವರ್ಷಗಳಿಗೂ ಹಿಂದಿನಿಂದ ಕೇಳುತ್ತಲೇ ಬಂದಿದ್ದಾರೆ; ಕಲ್ಲಿನ ಮೇಲೂ ಗ್ರಂಥಗಳಲ್ಲೂ ಉತ್ತರಗಳನ್ನು ಬರೆದಿಟ್ಟಿದ್ದಾರೆ.

ಮೊದಲು ವೆರ್ಣಾದ ನೆಲವನ್ನೇ ನೋಡೋಣ. ಸಾಷ್ಟಿ ತಾಲೂಕಿನ ಉತ್ತರದ ಅಂಚಿನಲ್ಲಿರುವ ಈ ಊರಿನ ಮೇಲ್ಭಾಗ ಒಂದು ವಿಶಾಲವಾದ ಜಂಬಿಟ್ಟಿಗೆಯ ಹಾಸು. ಮೇಲೆ ಗಟ್ಟಿಯಾಗಿ ಕಾಣುವ ಈ ಕಲ್ಲು ಒಳಗೆ ಜೇನುಗೂಡಿನಂತೆ ರಂಧ್ರಮಯವಾದುದು. ಮಳೆಯ ನೀರು ಅದರೊಳಗೆ ಇಳಿದು, ಕೆಳಗಿರುವ ಜೇಡಿಯ ಪದರವನ್ನು ಮುಟ್ಟಿ, ಮುಂದೆ ಇಳಿಯಲಾರದೆ ಪಕ್ಕಕ್ಕೆ ಹರಿದು, ಗುಡ್ಡದ ಇಳಿಜಾರಿನಲ್ಲಿ ಒರತೆಯಾಗಿ ಹೊರಬೀಳುತ್ತದೆ. ಕೇಸರವಾಳದ ಪ್ರಸಿದ್ಧವಾದ ಒರತೆ ಈ ಹಾಸಿನ ಅಂಚಿನಲ್ಲಿಯೇ ಇದೆ. ಸಾಳ ನದಿಯೂ ವೆರ್ಣಾದ ಸಮೀಪದಲ್ಲಿ ಹುಟ್ಟಿ, ಮಡಗಾಂವಿನ ಬದಿಯಿಂದ ದಕ್ಷಿಣಕ್ಕೆ ಹರಿದು ಬೇತುಳದಲ್ಲಿ ಕಡಲನ್ನು ಸೇರುತ್ತದೆ. ಹದಿನಾರನೆಯ ಶತಮಾನದಲ್ಲಿ, ಪೋರ್ಚುಗೀಸರ ಆಳಿಕೆಯಲ್ಲಿ, ಇಲ್ಲಿಯ ಮಹಾಲಸಾ ದೇವಾಲಯ ನಾಶವಾದಾಗ ಭಕ್ತರು ದೇವಿಯನ್ನು ನದಿಯಾಚೆಯ ಪ್ರಿಯೋಳಕ್ಕೆ ಒಯ್ದರು. ಇಲ್ಲಿದ್ದ ಮಾರ್ದೋಳವೆಂಬ ಸ್ಥಳನಾಮವೂ ಅವರೊಡನೆ ಹೋಗಿ ಅಲ್ಲಿ ನೆಲೆಗೊಂಡಿತು. ದೇವರನ್ನು ಒಯ್ಯಬಹುದು, ಹೆಸರನ್ನೂ ಒಯ್ಯಬಹುದು. ಒರತೆಯನ್ನು ಮಾತ್ರ ಒಯ್ಯಲಾಗದು. ನೀರಿದ್ದಲ್ಲಿಗೆ ಮನುಷ್ಯನೇ ಹೋಗಬೇಕು. ಹೋಗುವ ಮೊದಲು ಅದು ಎಲ್ಲಿದೆಯೆಂದು ತಿಳಿದಿರಬೇಕು.

ತಿಳಿಯುವ ಈ ವಿದ್ಯೆಯನ್ನು ವರಾಹಮಿಹಿರನು ಆರನೆಯ ಶತಮಾನದಲ್ಲಿ ತನ್ನ ‘ಬೃಹತ್ಸಂಹಿತೆ’ಯಲ್ಲಿ ಒಂದು ಅಧ್ಯಾಯವಾಗಿಯೇ ಬರೆದಿದ್ದಾನೆ. ಯಾವ ಮರದ ಬಳಿ ಹುತ್ತವಿದ್ದರೆ ಯಾವ ದಿಕ್ಕಿನಲ್ಲಿ, ಎಷ್ಟು ಆಳದಲ್ಲಿ ನೀರು ದೊರೆತೀತೆಂದು ಆತನು ಒಂದೊಂದಾಗಿ ಹೇಳುತ್ತಾನೆ. ಆಳವನ್ನು ಅಳೆಯುವ ಮಾನ ‘ಪುರುಷ’, ಎಂದರೆ ಕೈಯೆತ್ತಿ ನಿಂತ ಮನುಷ್ಯನ ಎತ್ತರ. ಆ ಲಕ್ಷಣಗಳಲ್ಲಿ ಎಲ್ಲವೂ ಇಂದಿನ ಪರೀಕ್ಷೆಯಲ್ಲಿ ನಿಲ್ಲಲಾರವು. ಆದರೆ ಬೇರುಗಳು ಆಳಕ್ಕಿಳಿದ ಮರವೂ, ತೇವವಿಲ್ಲದೆ ಗೂಡು ಕಟ್ಟಲಾರದ ಗೆದ್ದಲೂ ನೆಲದೊಳಗಿನ ಸುದ್ದಿಯನ್ನು ಹೊರಗೆ ತರುತ್ತವೆಂಬ ಮೂಲಭಾವನೆ ಬರಿಯ ಕಲ್ಪನೆಯಲ್ಲ. ಕೊಳದ ಆಕಾರವನ್ನು ಕುರಿತೂ ಆತನು ಸೊಗಸಾದ ಮಾತನ್ನು ಹೇಳಿದ್ದಾನೆ: ಪೂರ್ವ–ಪಶ್ಚಿಮವಾಗಿ ಉದ್ದವಾದ ಕೊಳದಲ್ಲಿ ನೀರು ಬಹುಕಾಲ ನಿಲ್ಲುವುದು, ಉತ್ತರ–ದಕ್ಷಿಣವಾಗಿ ಉದ್ದವಾದುದರ ದಂಡೆಯನ್ನು ಗಾಳಿಯೆಬ್ಬಿಸಿದ ತೆರೆಗಳು ಕೊರೆದುಹಾಕುವುವು. ಹಾಗೆ ಕಟ್ಟಲೇಬೇಕಾದರೆ ದಂಡೆಗೆ ಮರವನ್ನೋ ಕಲ್ಲನ್ನೋ ಹೊದಿಸಬೇಕು. ಮಣ್ಣನ್ನು ಆನೆ ಕುದುರೆಗಳಿಂದ ತುಳಿಸಿ ಗಟ್ಟಿಮಾಡಬೇಕು. ದಂಡೆಯ ಮೇಲೆ ಆಲ, ಮಾವು, ನೇರಳೆ, ಮತ್ತಿಯಂಥ ಮರಗಳನ್ನು ನೆಡಬೇಕು. ಇಂದು ಆನೆಯ ಬದಲು ಉರುಳೆಯಂತ್ರ ಬಂದಿದೆ; ತುಳಿತದ ಅಗತ್ಯ ಮಾತ್ರ ಹಾಗೆಯೇ ಉಳಿದಿದೆ.

ಈ ವಿದ್ಯೆ ಕನ್ನಡಕ್ಕೆ ಬಂದುದೂ ಬಹು ಹಿಂದೆಯೇ. ಕಲ್ಯಾಣದ ಚಾಲುಕ್ಯ ದೊರೆ ಇಮ್ಮಡಿ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಅಂತರ್ಜಲವನ್ನು ಕಂಡುಹಿಡಿಯುವ ವಿಷಯಕ್ಕೂ ಗಿಡಮರಗಳ ಆರೈಕೆಗೂ ಸ್ಥಾನವಿದೆ. ಗ್ರಂಥದ ಹೆಸರೇ ಅದರ ಉದ್ದೇಶವನ್ನು ಸಾರುತ್ತದೆ. ರಾಜಾಸ್ಥಾನದ ಪಂಡಿತನೊಬ್ಬನು ಯುದ್ಧವರ್ಣನೆಯನ್ನೂ ಶೃಂಗಾರವನ್ನೂ ಬಿಟ್ಟು, ಸಾಮಾನ್ಯ ಗೃಹಸ್ಥನ ಉಪಯೋಗಕ್ಕೆ ಬರುವ ವಿಷಯಗಳನ್ನು ತಿಳಿಗನ್ನಡದಲ್ಲಿ ಹೇಳಹೊರಟುದು ನಮ್ಮ ಸಾಹಿತ್ಯಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ.

ಗ್ರಂಥಗಳ ಮಾತು ಹೀಗಾದರೆ, ಕಲ್ಲಿನ ಮಾತು ಇನ್ನೂ ಖಚಿತವಾದುದು. ವಿಜಯನಗರದ ಒಂದನೆಯ ಬುಕ್ಕರಾಯನ ಮಗನಾದ ಭಾಸ್ಕರನು — ಭವದೂರನೆಂದೂ ಆತನಿಗೆ ಹೆಸರುಂಟು — ಇಂದಿನ ಆಂಧ್ರಪ್ರದೇಶದ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಒಂದು ಮಹಾತಟಾಕವನ್ನು ಕಟ್ಟಿಸಿ, 1369ರಲ್ಲಿ ಸಂಸ್ಕೃತ ಶಾಸನವನ್ನು ಬರೆಸಿದನು. ಎರಡು ವರ್ಷಗಳ ಕಾಲ ದಿನಕ್ಕೆ ಸಾವಿರ ಮಂದಿ ಕೆಲಸಗಾರರೂ ನೂರು ಬಂಡಿಗಳೂ ಆ ಕಟ್ಟೆಯ ಮೇಲೆ ದುಡಿದುದನ್ನು ಶಾಸನ ಹೇಳುತ್ತದೆ. ಅದಕ್ಕಿಂತ ಹೆಚ್ಚಿನ ಬೆಲೆಯುಳ್ಳದ್ದು ಅದರಲ್ಲಿ ಕೊಟ್ಟಿರುವ ಕೆರೆಯ ಹನ್ನೆರಡು ಸಾಧನಗಳ ಹಾಗೂ ಆರು ದೋಷಗಳ ಪಟ್ಟಿ. ಧರ್ಮಿಷ್ಠನೂ ಧನವಂತನೂ ಆದ ದೊರೆ, ಜಲಶಾಸ್ತ್ರವನ್ನು ಬಲ್ಲ ವಿದ್ವಾಂಸ, ಗಟ್ಟಿ ಜೇಡಿಯ ನೆಲ, ಸಿಹಿನೀರಿನ ಹೊಳೆ, ಕಟ್ಟೆಗೆ ಆತುಕೊಳ್ಳುವ ಬೆಟ್ಟ, ಅತಿಯಾಗಿ ಉದ್ದವಲ್ಲದ ಬಲವಾದ ಕಲ್ಲುಕಟ್ಟೆ, ವಿಸ್ತಾರವೂ ಆಳವೂ ಆದ ಅಂಗಳ, ಹತ್ತಿರದಲ್ಲೊಂದು ಕಲ್ಲುಗಣಿ, ಫಲವತ್ತಾದ ಸಮತಟ್ಟು ಗದ್ದೆ, ಕೆಲಸವನ್ನು ಬಲ್ಲ ಜನ — ಹೀಗೆ ಸಾಧನಗಳ ಪಟ್ಟಿ ಸಾಗುತ್ತದೆ.

ದೋಷಗಳು ಆರು. ಕಟ್ಟೆಯಿಂದ ನೀರು ಜಿನುಗುವುದು ಒಂದು; ಸವುಳು ನೆಲ ಎರಡು; ಎರಡು ರಾಜ್ಯಗಳ ಗಡಿಯಲ್ಲಿರುವುದು ಮೂರು; ಕೆರೆಯ ನಡುವೆ ಆಮೆಯ ಬೆನ್ನಿನಂತೆ ದಿಬ್ಬವಿರುವುದು ನಾಲ್ಕು; ನೀರು ಸ್ವಲ್ಪವಾಗಿ ನೆಲ ಹೆಚ್ಚಾಗಿರುವುದು ಐದು; ನೆಲ ಸ್ವಲ್ಪವಾಗಿ ನೀರು ಹೆಚ್ಚಾಗಿರುವುದು ಆರು. ವಿದ್ಯಾರ್ಥಿಗಳು ಈ ಆರನ್ನು ಬಾಯಿಪಾಠ ಮಾಡಿಟ್ಟುಕೊಳ್ಳಬೇಕೆಂದು ನಾನು ಹೇಳುವೆನು. ಮೂರನೆಯದೊಂದನ್ನು ಬಿಟ್ಟರೆ ಉಳಿದವೆಲ್ಲ ಮಣ್ಣಿನ, ನೀರಿನ ಮಾತುಗಳು. ಮೂರನೆಯದು ಮಾತ್ರ ಮನುಷ್ಯರ ಮಾತು. ನೀರಿಗೆ ಗಡಿ ತಿಳಿಯದು, ಮನುಷ್ಯನಿಗೆ ಗಡಿಯೇ ಸರ್ವಸ್ವ. ಈ ಎರಡು ಸ್ವಭಾವಗಳು ಕೂಡಿದಲ್ಲಿ ಕಲಹ ತಪ್ಪದೆಂಬುದನ್ನು ಆ ಶಾಸನಕಾರನು ಆರುನೂರು ವರ್ಷಗಳಿಗೂ ಹಿಂದೆಯೇ ಕಂಡಿದ್ದನು. ಇಂಥ ವಿದ್ಯೆಯನ್ನು ಬಲ್ಲವರಿಗೆ ಆ ಕಾಲದಲ್ಲಿ ಸಲ್ಲುತ್ತಿದ್ದ ಗೌರವಕ್ಕೆ 1388ರ ಇನ್ನೊಂದು ಶಾಸನ ಸಾಕ್ಷಿ. ಪ್ರತಾಪ ಬುಕ್ಕರಾಯನು ಪೆನುಗೊಂಡೆಗೆ ಹೊಳೆಯ ನೀರನ್ನು ತರಬೇಕೆಂದು ಅಪ್ಪಣೆ ಕೊಟ್ಟುದು ಸಿಂಗಾಯಭಟ್ಟನೆಂಬ ಜಲಸೂತ್ರಜ್ಞನಿಗೆ. ಆತನನ್ನು ಶಾಸನ ಹತ್ತು ವಿದ್ಯೆಗಳ ಚಕ್ರವರ್ತಿಯೆಂದು ಕೊಂಡಾಡುತ್ತದೆ.

ಇದುವರೆಗೆ ಹೇಳಿದುದು ಕೆರೆಯ ಮಾತಾಯಿತು. ಮೀನಿನ ಮಾತೆಲ್ಲಿ ಎಂದು ಪಾಠಕರು ಕೇಳಬಹುದು. ಅದಕ್ಕೂ ನಮ್ಮ ನಾಡಿನಲ್ಲಿಯೇ ಉತ್ತರವಿದೆ. ಕಲ್ಯಾಣದ ಮುಮ್ಮಡಿ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ವೆಂಬ ಪ್ರಕರಣವಿದೆ. ಗಾಳ ಹಾಕಿ ಮೀನು ಹಿಡಿಯುವುದನ್ನು ಅರಸನ ವಿನೋದಗಳಲ್ಲಿ ಒಂದೆಂದು ಎಣಿಸಿ, ಕಡಲಿನ ಮತ್ತು ಸಿಹಿನೀರಿನ ಮೀನುಗಳ ಜಾತಿಗಳನ್ನೂ ಅವಕ್ಕೆ ಹಾಕಬೇಕಾದ ಆಹಾರವನ್ನೂ ಆ ಅರಸನು ವಿವರಿಸಿದ್ದಾನೆ. ಮೀನುಶಾಸ್ತ್ರದ ಪ್ರಸಿದ್ಧ ವಿದ್ವಾಂಸರಾದ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಪ್ರಕರಣವನ್ನು ಅಭ್ಯಸಿಸಿ ಲೇಖನವನ್ನು ಪ್ರಕಟಿಸಿದರು. ಗೋವೆಯಲ್ಲಿರುವ ನಮಗೆ ಈ ಗ್ರಂಥದೊಡನೆ ಇನ್ನೂ ಒಂದು ನಂಟುಂಟು. ಸೋಮೇಶ್ವರನ ತಂದೆ ಆರನೆಯ ವಿಕ್ರಮಾದಿತ್ಯನು ತನ್ನ ಮಗಳು ಮೈಳಲದೇವಿಯನ್ನು ಗೋವೆಯ ಕದಂಬ ಅರಸು ಇಮ್ಮಡಿ ಜಯಕೇಶಿಗೆ ಕೊಟ್ಟಿದ್ದನು. ಎಂದರೆ ಮತ್ಸ್ಯವಿನೋದವನ್ನು ಬರೆದ ಅರಸನ ಸೋದರಿಯೇ ಈ ಕಡಲತಡಿಯ ರಾಣಿಯಾಗಿದ್ದಳು. ಕದಂಬರ ಮೊದಲ ರಾಜಧಾನಿಯಾದ ಚಂದ್ರಪುರ, ಇಂದಿನ ಚಾಂದೋರ, ನಮ್ಮ ಸಾಷ್ಟಿ ತಾಲೂಕಿನಲ್ಲಿಯೇ ಇದೆ.

ಅರಸರಿಗೆ ಮೀನು ವಿನೋದ. ಪ್ರಜೆಗಳಿಗೆ ಅದು ಅನ್ನ. ಈ ಕರಾವಳಿಯ ರೈತರು ಮೀನನ್ನೂ ಬತ್ತವನ್ನೂ ಒಂದೇ ನೆಲದಲ್ಲಿ ಬೆಳೆಯುವ ವಿದ್ಯೆಯನ್ನು ಶತಮಾನಗಳ ಹಿಂದೆಯೇ ಸಾಧಿಸಿದರು. ಗೋವೆಯಲ್ಲಿ ಅಂಥ ನೆಲಕ್ಕೆ ‘ಖಾಜನ’ವೆಂದು ಹೆಸರು, ಉತ್ತರ ಕನ್ನಡದ ಕುಮಟೆಯಲ್ಲಿ, ಅಘನಾಶಿನಿಯ ಅಳಿವೆಯ ಇಕ್ಕೆಲದಲ್ಲಿ, ಅದನ್ನೇ ‘ಗಜನಿ’ಯೆನ್ನುತ್ತಾರೆ. ಗೋವೆಯಲ್ಲಿ ಇಂಥ ನೆಲ ಸುಮಾರು 18,000 ಹೆಕ್ಟೇರು ಇದೆಯೆಂದು ಅಂದಾಜು. ಉಪ್ಪುನೀರನ್ನು ತಡೆಯಲು ಮಣ್ಣಿನ ಕಟ್ಟ; ಕಟ್ಟದಲ್ಲಿ ‘ಮಾನಸ’ವೆಂಬ ಮರದ ತೂಬು; ಒಳಗೆ ‘ಪೊಂಯ್’ ಎಂಬ ತಗ್ಗಿನ ನೀರುತಾಣ; ಅದರಾಚೆ ಗದ್ದೆ. ತೂಬಿನ ಕದವನ್ನು ಭರತದ ನೀರೇ ಒತ್ತಿ ಮುಚ್ಚುತ್ತದೆ. ಇಳಿತದಲ್ಲಿ ಒಳಗಿನ ನೀರೇ ಒತ್ತಿ ತೆರೆಯುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಸುಮಾರಿಗೆ, ನೀರು ಹೊರಬೀಳುವಾಗ, ತೂಬಿನ ಬಾಯಿಗೆ ಬಲೆ ಕಟ್ಟಿ ಮೀನು ಸಿಗಡಿಗಳನ್ನು ಹಿಡಿಯುತ್ತಾರೆ. ಗದ್ದೆಯಲ್ಲಿ ಉಪ್ಪನ್ನು ಸಹಿಸುವ ಬತ್ತ: ಇಲ್ಲಿ ‘ಕೊರ್ಗುಟ’, ಕುಮಟೆಯಲ್ಲಿ ‘ಕಗ್ಗ’.

ಈ ವ್ಯವಸ್ಥೆಯ ಜೀವಾಳವಿದ್ದುದು ಕದದಲ್ಲಲ್ಲ, ಕದವನ್ನು ಕಾಯುವವರ ನಿಯಮದಲ್ಲಿ. ಊರಿನ ಗಾಂವಕಾರಿ ಸಂಸ್ಥೆ ಕಟ್ಟವನ್ನು ದುರಸ್ತಿಮಾಡಿಸುತ್ತಿತ್ತು, ಮೀನಿನ ಹಕ್ಕನ್ನು ಹರಾಜು ಮಾಡುತ್ತಿತ್ತು. ಪೋರ್ಚುಗೀಸರು ಗೋವೆಯನ್ನು ಗೆದ್ದ ಮೇಲೆ 1526ರಲ್ಲಿ ಗಾಂವಕಾರರ ರೂಢಿಗಳನ್ನು ಬರಹಕ್ಕಿಳಿಸಿದರು. ಗೋವೆ 1961ರಲ್ಲಿ ವಿಮೋಚನೆ ಹೊಂದಿ, 1964ರ ಗೇಣಿ ಕಾಯಿದೆ ಬಂದ ಬಳಿಕ ಆ ಹೊಣೆ ಗೇಣಿದಾರರ ಸಂಘಗಳ ಕೈಸೇರಿತು. ಮೀನಿನ ಬೆಲೆ ಬತ್ತದ ಬೆಲೆಯನ್ನು ಮೀರಿದಲ್ಲಿ, ಹರಾಜು ಹಿಡಿದವನು ಹೆಚ್ಚು ಮೀನಿನ ಆಸೆಗೆ ತೂಬನ್ನು ಹೊತ್ತುಮೀರಿ ತೆರೆದಿಟ್ಟುದುಂಟು. ಆಗ ಉಪ್ಪುನೀರು ಗದ್ದೆಗೆ ನುಗ್ಗಿ ಬತ್ತ ಸತ್ತಿತು. ಒಮ್ಮೆ ಸವುಳಾದ ಗದ್ದೆ ಮಳೆಯಲ್ಲಿ ತೊಳೆದು ಮೊದಲಿನಂತಾಗಲು ವರ್ಷಗಳೇ ಬೇಕು. ಸಿಗಡಿ ಕೊಳಗಳ ಹಾವಳಿ ದೇಶದ ಕರಾವಳಿಯಲ್ಲೆಲ್ಲ ಹಬ್ಬಿದಾಗ, ಕರಾವಳಿಯ ನಿಯಂತ್ರಿತ ವಲಯದಲ್ಲಿ ಸಾಂಪ್ರದಾಯಿಕವಲ್ಲದ ಸಿಗಡಿ ಕೃಷಿ ಕೂಡದೆಂದೂ ಉಳುವ ಭೂಮಿಯನ್ನು ಅದಕ್ಕಾಗಿ ಮಾರ್ಪಡಿಸಬಾರದೆಂದೂ ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರ್ 11ರಂದು ತೀರ್ಪು ಕೊಟ್ಟಿತು. ಪೋರುಮಾಮಿಳ್ಳದ ಶಾಸನದ ಎರಡನೆಯ ದೋಷವೂ ಮೂರನೆಯ ದೋಷವೂ ಇಲ್ಲಿ ಒಂದುಗೂಡಿ ನ್ಯಾಯಾಸನದ ಮುಂದೆ ನಿಂತುವೆಂದು ಹೇಳಬಹುದು.

ಸಿಹಿನೀರಿನ ಸಣ್ಣ ಕೊಳಗಳಿಗೆ ಹೊಸ ಬಾಳು ಬಂದುದು ಇನ್ನೊಂದು ದಾರಿಯಿಂದ. ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಹರಿಯುವ ಹೊಳೆಯಲ್ಲಲ್ಲದೆ ನಿಂತ ನೀರಿನಲ್ಲಿ ಮೊಟ್ಟೆಯಿಡವು. ಆದುದರಿಂದ ಹಿಂದೆ ಕೊಳದವರು ಹೊಳೆಯಿಂದ ಹಿಡಿದು ತಂದ ಮರಿಗಳನ್ನೇ ನಂಬಬೇಕಾಗಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲದಲ್ಲಿ ಹೀರಾಲಾಲ್ ಚೌಧುರಿಯವರು ತಮ್ಮ ಸಹೋದ್ಯೋಗಿಗಳೊಡನೆ, ಮೀನಿನ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ, ಕೊಳದಲ್ಲಿಯೇ ಅವು ಮೊಟ್ಟೆಯಿಡುವಂತೆ ಮಾಡಿದರು. ಆ ದಿನವನ್ನು ದೇಶದಲ್ಲಿ ಮೀನುಕೃಷಿಕರ ದಿನವೆಂದು ಆಚರಿಸುತ್ತಾರೆ. ಕಾಟ್ಲಾ ಮೇಲಿನ ನೀರಿನಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಮೂರನ್ನೂ ಕೂಡಿಸಿ ಬಿಟ್ಟರೆ ಒಂದರ ಊಟವನ್ನು ಇನ್ನೊಂದು ಕಸಿಯದು. ಚಿಕ್ಕ ಕೊಳಕ್ಕೆ ಇದಕ್ಕಿಂತ ಒಳ್ಳೆಯ ಒಕ್ಕಲುತನವಿಲ್ಲ.

ಇನ್ನು ನಮ್ಮ ಮಿತ್ರರ ಎಂಟು ಗುಂಟೆಗೆ ಬರೋಣ. ಅವರು ಮನಸ್ಸಿನಲ್ಲಿ ಎಳೆದುಕೊಂಡಿದ್ದ ಕೊಳ 20 ಮೀಟರು ಉದ್ದ, 15 ಮೀಟರು ಅಗಲ, ಒಂದೂವರೆ ಮೀಟರು ಆಳದ್ದು. ವಿದ್ಯಾರ್ಥಿಗಳಿಗೆ ಲೆಕ್ಕವನ್ನು ಕೊಟ್ಟೆನು. ಕೊಳ ತುಂಬಿದರೆ ಹಿಡಿಯುವುದು ಹೆಚ್ಚೆಂದರೆ 450 ಘನ ಮೀಟರು. ಅದರ ಬಾಯಿಯ ಮೇಲೆ ನೇರವಾಗಿ ಬೀಳುವ ಮಳೆಯೇ ಸುಮಾರು 900 ಘನ ಮೀಟರು; ಗುಡ್ಡದಿಂದ ಹರಿದುಬರುವುದು ಬೇರೆ. ಇದು ಶಾಸನದ ಆರನೆಯ ದೋಷ: ನೆಲ ಸ್ವಲ್ಪ, ನೀರು ಹೆಚ್ಚು. ಇನ್ನು ಮಳೆ ನಿಂತ ಮೇಲೆ ದಿನಕ್ಕೆ ನಾಲ್ಕೈದು ಮಿಲಿಮೀಟರಿನಂತೆ ಆವಿಯಾದರೂ ಎಂಟು ತಿಂಗಳಲ್ಲಿ ಒಂದು ಮೀಟರಿಗೂ ಮೇಲೆ ನೀರು ಹೋಗುತ್ತದೆ; ಒಂದು ಹನಿಯೂ ಜಿನುಗದಿದ್ದರೂ ಮೇ ತಿಂಗಳಿಗೆ ಉಳಿಯುವುದು ಮೊಣಕಾಲುದ್ದದ ನೀರು. ಒಂದೇ ಕೊಳಕ್ಕೆ ಆಷಾಢದಲ್ಲಿ ಅತಿವೃಷ್ಟಿ, ವೈಶಾಖದಲ್ಲಿ ಅನಾವೃಷ್ಟಿ.

ಬಳಿಕ ಮಣ್ಣಿನ ಪರೀಕ್ಷೆ. ಹಸಿ ಮಣ್ಣನ್ನು ಉಂಡೆಕಟ್ಟಿ ಮೇಲಕ್ಕೆಸೆದು ಹಿಡಿದಾಗ ಅದು ಒಡೆಯದಿದ್ದರೆ ಜೇಡಿ ಸಾಕಷ್ಟಿದೆಯೆಂದು ಅರ್ಥ. ಹೊಲದ ಮೇಲ್ಭಾಗದ ಮಣ್ಣಿನ ಉಂಡೆ ಅಂಗೈಯಲ್ಲಿ ಪುಡಿಯಾಯಿತು. ಕೆಳಮೂಲೆಯದು ಹಾಗೆಯೇ ಉಳಿಯಿತು. ಎರಡೂ ಕಡೆ ಸೊಂಟದುದ್ದದ ಗುಂಡಿ ತೋಡಿಸಿ ಸಂಜೆ ನೀರು ತುಂಬಿದೆವು. ಮೊದಲ ದಿನ ಒಣ ಮಣ್ಣು ನೀರನ್ನು ಕುಡಿಯುವುದು ಸಹಜವಾದುದರಿಂದ ಮರುದಿನ ಮತ್ತೆ ತುಂಬಿ ಅದರ ಮರುದಿನ ನೋಡಿದೆವು. ಮೇಲಿನ ಗುಂಡಿ ಬರಿದಾಗಿತ್ತು. ಕೆಳಗಿನದರಲ್ಲಿ ನೀರು ನಾಲ್ಕು ಬೆರಳಷ್ಟು ಮಾತ್ರ ಇಳಿದಿತ್ತು. ಹುಡುಗರು ಹಿಗ್ಗಿದರು. ಆದರೆ ಆ ಕೆಳಮೂಲೆಯ ಬೇಲಿಗೆ ಹತ್ತಿಕೊಂಡೇ ನೆರೆಯ ವೃದ್ಧೆಯೊಬ್ಬರ ಗದ್ದೆಯಿತ್ತು, ಅದರಂಚಿನಲ್ಲಿ ಕುಡಿಯುವ ನೀರಿನ ಬಾವಿಯಿತ್ತು. ನೀರು ನಿಲ್ಲುವ ಸ್ಥಳವೇ ಗಡಿ. ಗಡಿಯಲ್ಲದ ಸ್ಥಳದಲ್ಲಿ ನೀರು ನಿಲ್ಲದು. ಶಾಸನದ ಮೂರನೆಯ ದೋಷ ಬೇಲಿಯ ರೂಪದಲ್ಲಿ ನಮ್ಮೆದುರಿಗೆ ನಿಂತಿತ್ತು.

ಮಿತ್ರರು ಬಹಳ ಹೊತ್ತು ಮಾತಾಡಲಿಲ್ಲ. ನೆಲ ಅವರದು, ಹಣ ಅವರದು. ಬೇಲಿಯೊಳಗೆ ತೋಡಿದರೆ ತಡೆಯುವವರು ಯಾರು ಎಂದು ಕೇಳಬಹುದಾಗಿತ್ತು. ಅವರು ಹಾಗೆ ಕೇಳಲಿಲ್ಲ. ಎದ್ದು ಹೋಗಿ ಆ ತಾಯಿಯನ್ನು ಕಂಡರು. ಆಕೆ ಹೇಳಿದುದು ಎರಡೇ ಮಾತು: ಮಳೆಗಾಲದಲ್ಲಿ ಗುಡ್ಡದ ನೀರು ಯಾವ ಕಾಲುವೆಯಲ್ಲಿ ಇಳಿಯುತ್ತದೆಂಬುದನ್ನು ತೋರಿಸಿ, ಅದನ್ನು ಮುಚ್ಚಬೇಡಿ ಎಂದರು, ಕೊಳದ ಕೊಳಕು ನೀರು ಬಾವಿಗೆ ಇಳಿಯದಂತೆ ನೋಡಿಕೊಳ್ಳಿ ಎಂದರು. ಶಾಸನದ ಹನ್ನೆರಡು ಸಾಧನಗಳಲ್ಲಿ ಹೇಳಿರುವ ‘ಜಲಶಾಸ್ತ್ರವನ್ನು ಬಲ್ಲವರು’ ಆ ದಿನ ನಮಗೆ ದೊರೆತುದು ಹೀಗೆ.

ಕೊನೆಗೆ ನಿಶ್ಚಯವಾದುದಿಷ್ಟು. ಕೊಳವನ್ನು ಅರ್ಧಕ್ಕಿಳಿಸಿ, ಪೂರ್ವ–ಪಶ್ಚಿಮವಾಗಿ ಉದ್ದಮಾಡಿ, ಬೇಲಿಯಿಂದಲೂ ಬಾವಿಯಿಂದಲೂ ಆದಷ್ಟು ಹಿಂದಕ್ಕೆ ಸರಿಸುವುದು. ತಳಕ್ಕೂ ದಂಡೆಗೂ ಕೆಳಮೂಲೆಯ ಜೇಡಿಯನ್ನೇ ಹಾಸಿ ತುಳಿಸುವುದು. ಹೆಚ್ಚಿನ ನೀರು ಹಳೆಯ ಕಾಲುವೆಗೇ ಹೋಗುವಂತೆ ಕೋಡಿ ಬಿಡುವುದು. ಜಂಬಿಟ್ಟಿಗೆಯ ಮಣ್ಣು ಹುಳಿಯಾದುದರಿಂದ ಸುಣ್ಣ ಹಾಕುವುದು. ಜುಲೈಯಲ್ಲಿ ಮರಿ ಬಿಟ್ಟು, ನೀರು ಇನ್ನೂ ಎದೆಮಟ್ಟ ಇರುವಾಗಲೇ, ಫೆಬ್ರವರಿಯ ಹೊತ್ತಿಗೆ ಮೀನನ್ನೆಲ್ಲ ತೆಗೆಯುವುದು. ಬೇಸಗೆಯಲ್ಲಿ ಕೊಳ ಬತ್ತಿದರೆ ಬತ್ತಲಿ. ಆಗ ಹೂಳು ತೆಗೆಯಬಹುದು. ಗುದ್ದಲಿ ಹಾಕುವ ಮೊದಲು ಪಂಚಾಯತಿಯನ್ನೂ ಮೀನುಗಾರಿಕೆ ಇಲಾಖೆಯನ್ನೂ ಕೇಳುವುದೆಂದೂ ಗೊತ್ತಾಯಿತು.

ದೊಡ್ಡ ಕೆರೆಯನ್ನು ಕಟ್ಟಿಸಿದ ಅರಸರ ಹೆಸರು ಕಲ್ಲಿನಲ್ಲಿ ಉಳಿದಿದೆ. ಎಂಟು ಗುಂಟೆಯವನ ಕೊಳಕ್ಕೆ ಶಾಸನ ಬೇಡ. ನೆರೆಯವರ ಬಾವಿಯ ನೀರು ತಿಳಿಯಾಗಿ ಉಳಿದರೆ ಅದೇ ಅದರ ಶಾಸನ. ನಮ್ಮ ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ತಮ್ಮ ಊರುಗಳಿಗೆ ಹೋದಾಗ ಅಲ್ಲಿಯ ಕೆರೆಯ ಏರಿಯ ಮೇಲೆ ನಿಂತು, ಆ ಆರು ದೋಷಗಳಲ್ಲಿ ಎಷ್ಟು ಅಲ್ಲಿವೆ, ಎಷ್ಟನ್ನು ಹಿಂದಿನವರು ಜಾಣ್ಮೆಯಿಂದ ತಪ್ಪಿಸಿದ್ದಾರೆ ಎಂದು ನೋಡಿ ಬರಲಿ. ಇತಿಹಾಸದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಮನೆಗೆಲಸವನ್ನು ನಾನು ಕಾಣೆನು.